ಆನರ್ಸ್ ಪದವಿಯೂ ಮೇಲ್ವ್ಯಾಸಂಗವೂ

ಬಿ. ಎಸ್‌ಸಿ. ತರಗತಿಯಲ್ಲಿ ಓದುತ್ತಿದ್ದು, ಮುಂದೆ ಸಂಶೋಧನೆಯ ಮಟ್ಟದವರೆಗೆ ಹೋಗಬೇಕೆಂಬ ಹಂಬಲವುಳ್ಳ ವಿದ್ಯಾರ್ಥಿಯನ್ನು ಈಚೆಗೆ ಕಾಡುತ್ತಿರುವ ಪ್ರಶ್ನೆಯೊಂದುಂಟು. ತನ್ನ ಪದವಿಯ ಹೆಸರಿನೊಡನೆ 'ಆನರ್ಸ್' ಎಂಬ ಮಾತು ಸೇರದೆ ಹೋದರೆ ಮೇಲ್ವ್ಯಾಸಂಗದ ಬಾಗಿಲು ಮುಚ್ಚಿದಂತೆಯೆ? ಸೇರಿದರೆ ಆ ಬಾಗಿಲು ತಾನಾಗಿಯೇ ತೆರೆಯುವುದೆ?

ಈ ಪ್ರಶ್ನೆ ನಮ್ಮ ನಾಡಿನಲ್ಲಿ ತೀವ್ರವಾಗಲು ಕಾರಣವೂ ಇದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ ಕರ್ನಾಟಕವು ೨೦೨೧-೨೨ನೆಯ ಸಾಲಿನಲ್ಲಿ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆಯನ್ನು ಆರಂಭಿಸಿತು. ೨೦೨೪ರ ಮೇ ತಿಂಗಳಿನಲ್ಲಿ ಸರ್ಕಾರ ಬೇರೊಂದು ಆಜ್ಞೆಯನ್ನು ಹೊರಡಿಸಿ, ೨೦೨೪-೨೫ನೆಯ ಸಾಲಿನಿಂದ ಮೊದಲಿನಂತೆ ಮೂರು ವರ್ಷದ ಪದವಿಯನ್ನೇ ಗೊತ್ತುಮಾಡಿತು. ಆದರೆ ಹೊರ ರಾಜ್ಯಗಳ ಅನೇಕ ವಿಶ್ವವಿದ್ಯಾನಿಲಯಗಳಲ್ಲಿಯೂ ಕೇಂದ್ರೀಯ ವಿದ್ಯಾಸಂಸ್ಥೆಗಳಲ್ಲಿಯೂ ನಾಲ್ಕು ವರ್ಷದ ಕ್ರಮ ನಡೆಯುತ್ತಲೇ ಇದೆ. ಹೀಗಾಗಿ ಒಂದೇ ಬೀದಿಯ ಎರಡು ಮನೆಗಳ ಮಕ್ಕಳು ಒಂದೇ ವಿಷಯವನ್ನು ಓದಿ, ಒಬ್ಬನು ಆನರ್ಸ್ ಪದವೀಧರನಾಗಿಯೂ ಇನ್ನೊಬ್ಬನು ಬರಿಯ ಬಿ. ಎಸ್‌ಸಿ.ಯಾಗಿಯೂ ಹೊರಬೀಳುವುದು ಸಾಧ್ಯವಾಗಿದೆ. ಎರಡನೆಯವನ ತಂದೆತಾಯಿಗಳಿಗೆ ಕಳವಳವಾದರೆ ಆಶ್ಚರ್ಯವಿಲ್ಲ.

ಆನರ್ಸ್ ಎಂಬ ಮಾತು ನಮಗೆ ಇಂಗ್ಲೆಂಡಿನಿಂದ ಬಂದುದು. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಹಿಂದೆ ಎರಡು ಬಗೆಯ ವಿದ್ಯಾರ್ಥಿಗಳಿದ್ದರು. ಕಠಿಣವಾದ ಗಣಿತದ ಟ್ರೈಪಾಸ್ ಪರೀಕ್ಷೆಗೆ ಕುಳಿತು ಗೌರವಶ್ರೇಣಿಯನ್ನು ಪಡೆಯಲೆಳಸುವವರು ಕೆಲವರು. ಸಾಧಾರಣ ಪದವಿಯೊಂದನ್ನು ಪಡೆದು ಊರಿಗೆ ಮರಳುವವರು ಬಹುಮಂದಿ. ೧೮೩೧ರ ಜನವರಿಯಲ್ಲಿ ಸಾಧಾರಣ ಪದವಿಯನ್ನು ಪಡೆದ ೧೭೮ ಮಂದಿಯಲ್ಲಿ ಹತ್ತನೆಯವನಾಗಿ ತೇರ್ಗಡೆಯಾದವನು ಚಾರ್ಲ್ಸ್ ಡಾರ್ವಿನ್. ಜೀವವಿಜ್ಞಾನದ ದಿಕ್ಕನ್ನೇ ತಿರುಗಿಸಿದ ಮಹಾಶಯನಿಗೆ ಆನರ್ಸ್ ಇರಲಿಲ್ಲ! ಅದೇ ವರ್ಷದ ಕೊನೆಯಲ್ಲಿ ಅವನು ಬೀಗಲ್ ಹಡಗನ್ನು ಹತ್ತಿದುದು ಯಾವ ಶ್ರೇಣಿಯ ಬಲದಿಂದಲೂ ಅಲ್ಲ. ಸಸ್ಯಶಾಸ್ತ್ರದ ಪ್ರಾಧ್ಯಾಪಕನಾದ ಹೆನ್ಸ್ಲೋ ಬರೆದ ಶಿಫಾರಸಿನಿಂದ. ಈ ಶಿಫಾರಸಿನ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

ಗಣಿತದ ಟ್ರೈಪಾಸ್‌ನಲ್ಲಿ ಮೊದಲ ದರ್ಜೆಯನ್ನು ಪಡೆದವರಿಗೆ 'ರ್ಯಾಂಗ್ಲರ್' ಎಂದು ಹೆಸರು. ಅವರ ಪಟ್ಟಿಯನ್ನು ಕ್ರಮಸಂಖ್ಯೆಯೊಡನೆ ಪ್ರಕಟಿಸುತ್ತಿದ್ದರು. ೧೮೯೯ರಲ್ಲಿ ನಮ್ಮ ದೇಶದ ಆರ್. ಪಿ. ಪರಾಂಜಪೆಯವರು ಮೊದಲನೆಯ ಸ್ಥಾನವನ್ನು ಹಂಚಿಕೊಂಡಾಗ ಭರತಖಂಡವೇ ಹಿಗ್ಗಿತು. 'ರ್ಯಾಂಗ್ಲರ್ ಪರಾಂಜಪೆ' ಎಂಬುದೇ ಅವರ ಹೆಸರಾಗಿ ಉಳಿಯಿತು. ಆದರೆ ಎರಡನೆಯ ಸ್ಥಾನದಲ್ಲಿ ನಿಂತವರ ಪಟ್ಟಿಯನ್ನು ನೋಡಿದರೆ ಬೇರೊಂದು ಕಥೆ ಕಾಣುತ್ತದೆ. ೧೮೪೫ರಲ್ಲಿ ಎರಡನೆಯವನು ಮುಂದೆ ಲಾರ್ಡ್ ಕೆಲ್ವಿನ್ ಎನಿಸಿದ ವಿಲಿಯಂ ಥಾಮ್ಸನ್. ೧೮೫೪ರಲ್ಲಿ ಜೇಮ್ಸ್ ಕ್ಲಾರ್ಕ್ ಮ್ಯಾಕ್ಸ್‌ವೆಲ್. ೧೮೮೦ರಲ್ಲಿ ಎಲೆಕ್ಟ್ರಾನನ್ನು ಕಂಡುಹಿಡಿದ ಜೆ. ಜೆ. ಥಾಮ್ಸನ್. ಕೆಲ್ವಿನ್ನನನ್ನು ಹಿಂದೆ ಹಾಕಿದ ಪಾರ್ಕಿನ್‌ಸನ್ನನ ಹೆಸರನ್ನು ಇಂದು ಕೇಳಿದವರು ವಿರಳ. ಮ್ಯಾಕ್ಸ್‌ವೆಲ್ಲನನ್ನು ಮೀರಿಸಿದ ರೌತ್ ಒಳ್ಳೆಯ ಗಣಿತಜ್ಞನೇ ಆದರೂ ಅವನ ದೊಡ್ಡ ಖ್ಯಾತಿ, ಇತರರನ್ನು ಇದೇ ಪರೀಕ್ಷೆಗೆ ತಯಾರು ಮಾಡುವ ಬೋಧಕನೆಂದು! ೧೮೮೦ರ ಮೊದಲಿಗ ಲಾರ್ಮರ್ ಮಾತ್ರ ಭೌತಶಾಸ್ತ್ರದ ಪಠ್ಯಗಳಲ್ಲಿ ಇಂದಿಗೂ ಬದುಕಿದ್ದಾನೆ.

ಈ ಕ್ರಮಾಂಕದ ಹುಚ್ಚನ್ನು ಬಲವಾಗಿ ವಿರೋಧಿಸಿದವರಲ್ಲಿ ಜಿ. ಎಚ್. ಹಾರ್ಡಿ ಪ್ರಮುಖ. ಅವನು ೧೮೯೮ರಲ್ಲಿ ನಾಲ್ಕನೆಯವನಾಗಿ ಬಂದವನು. ಪರೀಕ್ಷೆಗಾಗಿ ಕಲಿತ ಯುಕ್ತಿಗಳಿಗೂ ನಿಜವಾದ ಗಣಿತಕ್ಕೂ ಸಂಬಂಧ ಕಡಿಮೆಯೆಂದು ಅವನ ವಾದ. ೧೯೦೯ರ ಪಟ್ಟಿಯೇ ಕ್ರಮಸಂಖ್ಯೆಯೊಡನೆ ಹೊರಟ ಕೊನೆಯ ಪಟ್ಟಿ. ಅಂದಿನಿಂದ ದರ್ಜೆಯನ್ನು ಮಾತ್ರ ಪ್ರಕಟಿಸುತ್ತಾರೆ.

ನಮ್ಮ ಕಡೆಗೆ ಬರೋಣ. ಹಳೆಯ ಮೈಸೂರು ಮತ್ತು ಮದರಾಸು ವಿಶ್ವವಿದ್ಯಾನಿಲಯಗಳಲ್ಲಿ ಇಂಟರ್‌ಮೀಡಿಯೆಟ್ ಮುಗಿದ ಮೇಲೆ 'ಪಾಸ್' ಪದವಿಯೆಂದೂ ಅದಕ್ಕಿಂತ ಒಂದು ವರ್ಷ ಹೆಚ್ಚಿನ ಆನರ್ಸ್ ಪದವಿಯೆಂದೂ ಎರಡು ದಾರಿಗಳಿದ್ದುವು. ಆನರ್ಸ್ ತರಗತಿಗೆ ಸೇರಿದವನು ಒಂದೇ ವಿಷಯವನ್ನು ಆಳವಾಗಿ ಓದುತ್ತಿದ್ದನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಮತ್ತು ಎಂ. ಎಸ್‌ಸಿ. ಮುಗಿಸಿ, ಅಧ್ಯಾಪಕರಾಗಿ ಬಹುಕಾಲ ದುಡಿದ ಮೇಲೆ ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ೧೯೬೦ರಲ್ಲಿ ಪಿಎಚ್. ಡಿ. ಪಡೆದ ಎಚ್. ನರಸಿಂಹಯ್ಯನವರು ಆ ದಾರಿಯಲ್ಲಿ ನಡೆದವರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ೧೯೩೦ರಲ್ಲಿ ಭೌತಶಾಸ್ತ್ರದ ಆನರ್ಸ್ ಮುಗಿಸಿದ ಎಸ್. ಚಂದ್ರಶೇಖರ್ ಅವರ ಕಥೆ ಇನ್ನೂ ಬೋಧಪ್ರದವಾದುದು. ಅವರು ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್ಜಿಗೆ ಹೊರಟಾಗ ಅವರ ಕೈಯಲ್ಲಿ ಉತ್ತಮ ದರ್ಜೆಯ ಪದವಿ ಇತ್ತೆಂಬುದು ನಿಜ. ಆದರೆ ಅದಕ್ಕೂ ಮುಂಚೆ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಕಾಂಪ್ಟನ್ ಚದರಿಕೆಯನ್ನು ಕುರಿತು ಪ್ರಬಂಧವೊಂದನ್ನು ಬರೆದು ಕೇಂಬ್ರಿಜ್ಜಿನ ಆರ್. ಎಚ್. ಫೌಲರ್‌ಗೆ ಕಳುಹಿಸಿದ್ದರು. ಅದು ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ೧೯೨೯ರಲ್ಲಿ ಅಚ್ಚಾಗಿತ್ತು. ಅವರ ಮಾರ್ಗದರ್ಶಕನಾಗಲಿದ್ದ ಫೌಲರ್ ಅವರನ್ನು ಬಲ್ಲುದು ಅಂಕಪಟ್ಟಿಯಿಂದಲ್ಲ, ಆ ಪ್ರಬಂಧದಿಂದ.

ಇನ್ನು ರಾಮಾನುಜನ್. ಕಾಲೇಜಿನ ಮೊದಲ ಹಂತದ ಪರೀಕ್ಷೆಯನ್ನೇ ದಾಟಲಾರದೆ ಹೋದ ಅವರಿಗೆ ಮದರಾಸು ವಿಶ್ವವಿದ್ಯಾನಿಲಯವು ೧೯೧೩ರಲ್ಲಿ ತಿಂಗಳಿಗೆ ೭೫ ರೂಪಾಯಿಗಳ ಸಂಶೋಧನವೇತನವನ್ನು ಕೊಟ್ಟಿತು. ೧೯೧೪ರಲ್ಲಿ ಅವರು ಕೇಂಬ್ರಿಜ್ಜಿಗೆ ಹೋದರು; ೧೯೧೬ರಲ್ಲಿ ಅಲ್ಲಿ ಸಂಶೋಧನೆಯ ಆಧಾರದ ಮೇಲೆ ಪದವೀಧರರಾದರು. ಆನರ್ಸ್ ಇರಲಿ, ಪದವಿಯೇ ಇಲ್ಲದವರಿಗೆ ಬಾಗಿಲು ತೆರೆದ ದೃಷ್ಟಾಂತವಿದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಡಾರ್ವಿನ್, ರಾಮಾನುಜನ್ ಮುಂತಾದವರ ಕಥೆಗಳನ್ನು ಹೇಳಿ "ನೋಡಿದಿರಾ, ದರ್ಜೆಗೆ ಬೆಲೆಯಿಲ್ಲ" ಎಂದು ತೀರ್ಮಾನಿಸುವುದು ಸಭೆಗಳಲ್ಲಿ ಚಪ್ಪಾಳೆ ಗಿಟ್ಟಿಸುವ ಮಾತಾದರೂ ವಿಜ್ಞಾನದ ವಿದ್ಯಾರ್ಥಿಗೆ ಒಪ್ಪುವ ತರ್ಕವಲ್ಲ. ದಾಟಿ ಬಂದವರು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಾರೆ. ಪದವಿಯಿಲ್ಲದ ಕಾರಣದಿಂದಲೇ ಹೊರಗುಳಿದವರ ಚರಿತ್ರೆಯನ್ನು ಯಾರೂ ಬರೆದಿಡುವುದಿಲ್ಲ. ಇದಕ್ಕೆ ಸಮೀಪದ ಇನ್ನೊಂದು ಮೋಸವೂ ಉಂಟು. ಸಂಶೋಧನ ಸಂಸ್ಥೆಗಳಲ್ಲಿರುವವರನ್ನು ಕೇಳಿದರೆ "ಇಲ್ಲಿಗೆ ಬಂದ ಮೇಲೆ ಪದವಿಯ ಅಂಕಗಳಿಗೂ ಒಬ್ಬನ ಕೆಲಸಕ್ಕೂ ಹೊಂದಿಕೆಯೇ ಕಾಣುವುದಿಲ್ಲ" ಎನ್ನುವವರು ಹಲವರು. ಅವರು ಸುಳ್ಳು ಹೇಳುತ್ತಿಲ್ಲ. ಆದರೆ ರಾಗಿಯನ್ನು ಜರಡಿಯಲ್ಲಿ ಹಾಯಿಸಿ, ಜರಡಿಯ ಮೇಲೆ ನಿಂತ ಕಾಳುಗಳನ್ನು ಮಾತ್ರ ಬಿತ್ತಿದ ರೈತನೊಬ್ಬನು "ಕಾಳಿನ ಗಾತ್ರಕ್ಕೂ ಮೊಳಕೆಗೂ ಸಂಬಂಧವಿಲ್ಲ" ಎಂದರೆ ಏನೆನ್ನುವಿರಿ? ಜೊಳ್ಳೂ ನುಚ್ಚೂ ಆಗಲೇ ಜರಡಿಯ ಕೆಳಗೆ ಬಿದ್ದುಹೋಗಿವೆ. ಉಳಿದ ಕಾಳುಗಳ ಗಾತ್ರದಲ್ಲಿರುವ ಅಂತರ ಅಷ್ಟು ಅಲ್ಪವಾದುದರಿಂದ ಅದರ ಪರಿಣಾಮ ಕಾಣುವುದಿಲ್ಲ. ಸಂಸ್ಥೆಯೊಳಗಿರುವವರೆಲ್ಲರೂ ಹೀಗೆಯೇ ಜರಡಿಯ ಮೇಲೆ ನಿಂತವರು. ಆದಕಾರಣ ನಾವು ಕೇಳಬೇಕಾದ ಪ್ರಶ್ನೆ, ಒಳಗೆ ಹೋದ ಮೇಲೆ ಆನರ್ಸ್ ಎಷ್ಟು ಮುಖ್ಯ ಎಂಬುದಲ್ಲ. ಜರಡಿಯ ಕಣ್ಣು ಯಾವುದರಿಂದ ಮಾಡಿದುದು ಎಂಬುದು.

ನಮ್ಮ ದೇಶದಲ್ಲಿ ಆ ಕಣ್ಣು ಬಹುಮಟ್ಟಿಗೆ ಪ್ರವೇಶ ಪರೀಕ್ಷೆಯೇ. ೨೦೦೪ರಿಂದ ನಡೆಯುತ್ತಿರುವ 'ಜಾಮ್' ಎಂಬ ಸಂಯುಕ್ತ ಪರೀಕ್ಷೆಯ ಮೂಲಕ ಐ. ಐ. ಟಿ.ಗಳ ಎಂ. ಎಸ್‌ಸಿ. ತರಗತಿಗಳಿಗೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಯೋಜಿತ ಪಿಎಚ್. ಡಿ. ವ್ಯಾಸಂಗಕ್ಕೂ ವಿದ್ಯಾರ್ಥಿಗಳನ್ನು ಆರಿಸುತ್ತಾರೆ. ಕೇಂದ್ರೀಯ ವಿಶ್ವವಿದ್ಯಾನಿಲಯಗಳಿಗೆ ೨೦೨೨ರಿಂದ ಮತ್ತೊಂದು ಸಾಮಾನ್ಯ ಪರೀಕ್ಷೆ ಇದೆ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ತನ್ನದೇ ಪರೀಕ್ಷೆಯನ್ನು ನಡೆಸುತ್ತದೆ. ಇವುಗಳಲ್ಲಿ ಯಾವುದಕ್ಕೂ ಆನರ್ಸ್ ಎಂಬ ಹೆಸರು ಷರತ್ತಲ್ಲ. ಮೂರು ವರ್ಷದ ಬಿ. ಎಸ್‌ಸಿ. ಓದಿದವನೂ ಕುಳಿತುಕೊಳ್ಳಬಹುದು.

ಇದಕ್ಕೆ ಕಾರಣ ಔದಾರ್ಯವಲ್ಲ, ಮಾಪನಶಾಸ್ತ್ರ. ದೇಶದ ನೂರಾರು ವಿಶ್ವವಿದ್ಯಾನಿಲಯಗಳು ನೂರಾರು ತಕ್ಕಡಿಗಳಿದ್ದಂತೆ. ಒಂದೊಂದರ ಶೂನ್ಯದೋಷವೂ ಬೇರೆ, ಒಂದೊಂದರ ಬೊಟ್ಟುಗಳೂ ಬೇರೆ. ಒಂದು ಕಡೆಯ ೭೦ ಇನ್ನೊಂದು ಕಡೆಯ ೮೫ಕ್ಕೆ ಸಮನಿರಬಹುದು. ಒಂದು ಕಡೆ ಆನರ್ಸ್ ಎಂದರೆ ನಿಜವಾಗಿ ಆಳವಾದ ವ್ಯಾಸಂಗ. ಇನ್ನೊಂದು ಕಡೆ ಪಾಠಪಟ್ಟಿಯ ಮೇಲಿನ ಹೆಸರು ಮಾತ್ರ. ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಿದ ವಸ್ತುಗಳನ್ನು ಹೋಲಿಸಬೇಕಾದರೆ ಅವೆಲ್ಲವನ್ನೂ ಒಂದೇ ತಕ್ಕಡಿಯಲ್ಲಿ ಮತ್ತೆ ತೂಗುವುದಲ್ಲದೆ ಉಪಾಯವಿಲ್ಲ. ಆ ಒಂದು ತಕ್ಕಡಿಯೂ ನಿರ್ದೋಷವಾದುದೆಂದು ನಾನು ಹೇಳಲಾರೆ. ಮೂರು ಗಂಟೆಗಳಲ್ಲಿ ೬೦ ಪ್ರಶ್ನೆಗಳಿಗೆ ಉತ್ತರಿಸುವ ಚುರುಕಿಗೂ, ಒಂದು ಪ್ರಶ್ನೆಯನ್ನು ಮೂರು ವರ್ಷ ಬಿಡದೆ ಹಿಡಿಯುವ ತಾಳ್ಮೆಗೂ ಅಂತರವುಂಟು.

ಹೊರದೇಶಗಳಲ್ಲಿ 'ಆನರ್ಸ್' ಎಂಬ ಒಂದೇ ಪದಕ್ಕೆ ದೇಶಕ್ಕೊಂದು ಅರ್ಥ. ಇಂಗ್ಲೆಂಡಿನಲ್ಲಿ ಇಂದು ಬಹುತೇಕ ಎಲ್ಲ ಪದವಿಗಳೂ ಆನರ್ಸ್ ಪದವಿಗಳೇ; ಅಲ್ಲಿ ನೋಡುವುದು ದರ್ಜೆಯನ್ನು. ಮೊದಲ ದರ್ಜೆ ಅಥವಾ ಎರಡನೆಯ ದರ್ಜೆಯ ಮೇಲಿನ ಭಾಗ ದೊರೆತಿದ್ದರೆ ಮೇಲ್ವ್ಯಾಸಂಗಕ್ಕೆ ಸಾಮಾನ್ಯವಾಗಿ ಅರ್ಹತೆ ಬರುತ್ತದೆ. ಆಸ್ಟ್ರೇಲಿಯದ ರೀತಿ ಬೇರೆ. ಅಲ್ಲಿ ವಿಜ್ಞಾನದ ಮೂರು ವರ್ಷದ ಪದವಿಯ ಮೇಲೆ ಆನರ್ಸ್ ಎಂಬ ನಾಲ್ಕನೆಯ ವರ್ಷವಿದೆ. ಅದರ ದೊಡ್ಡ ಭಾಗ ಸಂಶೋಧನೆ ಮತ್ತು ಪ್ರಬಂಧ. ಅದರಲ್ಲಿ ಉತ್ತಮ ದರ್ಜೆ ಬಂದರೆ ಎಂ. ಎಸ್‌ಸಿ. ಇಲ್ಲದೆಯೇ ಪಿಎಚ್. ಡಿ.ಗೆ ಸೇರಬಹುದು. ಆನರ್ಸ್ ಎಂಬ ಮಾತಿಗೆ ನಿಜವಾದ ತೂಕವಿರುವುದನ್ನು ನೋಡಬೇಕಾದರೆ ಅಲ್ಲಿ ನೋಡಬೇಕು.

ಅಮೆರಿಕದಲ್ಲಿ ಆನರ್ಸ್ ಎಂದರೆ ಪದವಿಪ್ರದಾನದ ದಿನ ಹೆಸರಿನೊಡನೆ ಓದುವ ಲ್ಯಾಟಿನ್ ವಿಶೇಷಣ. ಇಲ್ಲಿ ಒಂದು ಸ್ವಾರಸ್ಯವಿದೆ. ಅಲ್ಲಿನ ಪಿಎಚ್. ಡಿ. ವ್ಯಾಸಂಗಕ್ಕೆ ಅರ್ಜಿಯನ್ನು ಸಾಧಾರಣವಾಗಿ ಡಿಸೆಂಬರ್ ಅಥವಾ ಜನವರಿಯಲ್ಲಿ ಕಳುಹಿಸಬೇಕು. ಪದವಿಪ್ರದಾನವಾದರೋ ಮೇ ತಿಂಗಳಿನಲ್ಲಿ. ಅರ್ಜಿಯನ್ನು ಓದುವವರ ಕೈಗೆ ಆ ವಿಶೇಷಣ ತಲಪುವುದೇ ಇಲ್ಲ! ಅವರ ಮುಂದೆ ಇರುವುದು ಅದುವರೆಗಿನ ಅಂಕಪಟ್ಟಿ, ವಿದ್ಯಾರ್ಥಿಯು ಮಾಡಿದ ಸಂಶೋಧನೆಯ ವಿವರ, ಅಧ್ಯಾಪಕರ ಪತ್ರಗಳು. ಭೌತಶಾಸ್ತ್ರದ ಜಿ. ಆರ್. ಇ. ಪರೀಕ್ಷೆಯನ್ನು ಸಹ ೨೦೨೦ರ ಬಳಿಕ ಅನೇಕ ವಿಭಾಗಗಳು ಕಡ್ಡಾಯವಲ್ಲವೆಂದು ಮಾಡಿವೆ. ಅಲ್ಲಿ ನಮ್ಮವರಿಗೆ ಎದುರಾಗುವ ತೊಡಕು ಆನರ್ಸ್‌ನದಲ್ಲ, ವರ್ಷಗಳ ಲೆಕ್ಕದ್ದು. ಹನ್ನೆರಡರ ಮೇಲೆ ನಾಲ್ಕು, ಒಟ್ಟು ಹದಿನಾರು ವರ್ಷಗಳ ವಿದ್ಯಾಭ್ಯಾಸವನ್ನು ನಿರೀಕ್ಷಿಸುವ ವಿಶ್ವವಿದ್ಯಾನಿಲಯಗಳು ಹಲವಿದ್ದು, ಮೂರು ವರ್ಷದ ಪದವಿ ಅವುಗಳ ಕಣ್ಣಿಗೆ ಒಂದು ವರ್ಷ ಗಿಡ್ಡ. ಎಂ. ಎಸ್‌ಸಿ. ಮುಗಿಸಿದವನಿಗೆ ಹದಿನೇಳು ವರ್ಷಗಳಾಗುವುದರಿಂದ ಈ ಅಡ್ಡಿಯಿಲ್ಲ.

ಈಗ ಆ ಪತ್ರಗಳ ಮಾತು. ಶಿಫಾರಸು ಪತ್ರವೆಂದರೆ ನಮ್ಮಲ್ಲಿ ಅನೇಕರು ತಿಳಿದಿರುವುದು "ಇವನು ಸದ್ಗುಣಶೀಲನು, ಶ್ರದ್ಧಾವಂತನು" ಎಂಬ ನಡತೆಯ ಪತ್ರವೆಂದು. ಅಂತಹ ಪತ್ರಕ್ಕೆ ಕಾಗದದ ಬೆಲೆಯೂ ಇಲ್ಲ. ಬೆಲೆ ಬರುವುದು ಹೇಗೆಂಬುದಕ್ಕೆ ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಪ್ರಯೋಗಶಾಲೆಯಲ್ಲಿ ಇಬ್ಬರು ವಿದ್ಯಾರ್ಥಿಗಳು ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷವನ್ನು ಅಳೆಯುತ್ತಿದ್ದಾರೆ. ಬೆಂಗಳೂರಿನಲ್ಲಿ ಅದರ ಬೆಲೆ ಸೆಕೆಂಡಿಗೆ ಸೆಕೆಂಡಿಗೆ ೯.೭೮ ಮೀಟರು. ಇಬ್ಬರಿಗೂ ೯.೬೩ ಬಂದಿತು. ಒಬ್ಬನು 'ಮಾನವದೋಷ' ಎಂದು ಬರೆದು, ಪುಸ್ತಕವನ್ನು ಸಹಿಗೆ ಒಪ್ಪಿಸಿ, ಊಟಕ್ಕೆ ಹೊರಟನು. ಇನ್ನೊಬ್ಬನು ನಿಂತು ಯೋಚಿಸಿದನು. ದಾರದ ಉದ್ದವನ್ನು ಮತ್ತೆ ಅಳೆದನು, ಸರಿಯಾಗಿತ್ತು. ಗಡಿಯಾರವನ್ನು ಬದಲಾಯಿಸಿದನು, ಉತ್ತರ ಬದಲಾಗಲಿಲ್ಲ. ಕೊನೆಗೆ, ತಾನು ಗುಂಡನ್ನು ೨೦ ಡಿಗ್ರಿಯಷ್ಟು ಎಳೆದು ಬಿಡುತ್ತಿರುವುದನ್ನು ಗಮನಿಸಿದನು. ಪಠ್ಯದ ಸೂತ್ರ ಅತಿ ಸಣ್ಣ ತೂಗಾಟಕ್ಕೆ ಮಾತ್ರ ಸರಿ. ೨೦ ಡಿಗ್ರಿಯಲ್ಲಿ ಆವರ್ತಕಾಲವು ಸುಮಾರು ಶೇಕಡ ಮುಕ್ಕಾಲರಷ್ಟು ಹೆಚ್ಚುತ್ತದೆ. ಗಣಿಸುವಾಗ ಕಾಲದ ವರ್ಗ ಬರುವುದರಿಂದ ಉತ್ತರದಲ್ಲಿ ಶೇಕಡ ಒಂದೂವರೆಯಷ್ಟು ಕೊರತೆ ಬೀಳುತ್ತದೆ. ೯.೭೮ಕ್ಕೂ ೯.೬೩ಕ್ಕೂ ಇರುವ ಅಂತರ ಅಷ್ಟೇ! ಅವನು ೫ ಡಿಗ್ರಿಯಲ್ಲಿ ಪ್ರಯೋಗವನ್ನು ಮತ್ತೆ ಮಾಡಿ ೯.೭೭ ಪಡೆದನು. ಇದನ್ನು ಕಣ್ಣಾರೆ ಕಂಡ ಅಧ್ಯಾಪಕನು ಹತ್ತು ಸಾಲುಗಳಲ್ಲಿ ಇದ್ದದ್ದನ್ನು ಇದ್ದಂತೆ ಬರೆದರೆ, ಓದುವವರು ಆ ವಿದ್ಯಾರ್ಥಿ ಯಾವ ಬಗೆಯವನೆಂದು ತಿಳಿದುಬಿಡುತ್ತಾರೆ. ಹೆನ್ಸ್ಲೋ ಡಾರ್ವಿನ್ನನಿಗೆ ಮಾಡಿದ ಉಪಕಾರ ಈ ಜಾತಿಯದು. ಶಿಷ್ಯನೊಡನೆ ಹೊಲ ಗದ್ದೆಗಳನ್ನು ಸುತ್ತಿ, ಅವನು ಹುಳುಹುಪ್ಪಟೆಗಳನ್ನು ಹೇಗೆ ನೋಡುತ್ತಾನೆಂಬುದನ್ನು ಅವನು ಬಲ್ಲವನಾಗಿದ್ದನು.

ಆನರ್ಸ್ ವ್ಯಾಸಂಗದ ನಿಜವಾದ ಲಾಭವಿರುವುದು ಇಲ್ಲಿಯೇ ಎಂದು ನನ್ನ ಅಭಿಪ್ರಾಯ. ವಿಶ್ವವಿದ್ಯಾನಿಲಯ ಅನುದಾನ ಆಯೋಗವು ೨೦೨೨ರಲ್ಲಿ ಹೊರಡಿಸಿದ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ ೭೫ ಪಡೆದವನು ನಾಲ್ಕನೆಯ ವರ್ಷ ಸಂಶೋಧನೆಯ ಆನರ್ಸನ್ನು ಆರಿಸಿಕೊಂಡು, ಒಟ್ಟು ೧೬೦ ಕ್ರೆಡಿಟ್‌ಗಳಲ್ಲಿ ೧೨ನ್ನು ಪ್ರಬಂಧಕ್ಕೆ ಮೀಸಲಿಡಬಹುದು. ಒಬ್ಬ ಅಧ್ಯಾಪಕನ ಬಳಿ ಒಂದು ವರ್ಷ ಕುಳಿತು ಒಂದು ಸಮಸ್ಯೆಯನ್ನು ಅಗೆಯುವ ಅವಕಾಶ ಅದು. ಮೂವತ್ತು ಮಂದಿ ನಾಲ್ಕು ಲೋಲಕಗಳನ್ನು ಹಂಚಿಕೊಳ್ಳುವ ತರಗತಿಯಲ್ಲಿ, ಎರಡನೆಯ ಬಾರಿ ಅಳೆಯಬೇಕೆಂದು ಬಯಸುವ ವಿದ್ಯಾರ್ಥಿಗೆ ಉಪಕರಣವೇ ಸಿಕ್ಕುವುದಿಲ್ಲ. ಅವನ ಬಯಕೆ ಅಧ್ಯಾಪಕನ ಗಮನಕ್ಕೂ ಬರುವುದಿಲ್ಲ. ಹೀಗೆ ಕಳೆದುಹೋಗುವವರು ಎಷ್ಟೋ ಮಂದಿ. ಆನರ್ಸ್ ಇಲ್ಲದ ಕಡೆ ಈ ಕೊರತೆಯನ್ನು ತುಂಬಲು ಇರುವ ಮಾರ್ಗಗಳಲ್ಲಿ ಮುಖ್ಯವಾದುದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟುಗೂಡಿ ಕೊಡುವ ಬೇಸಿಗೆಯ ಸಂಶೋಧನ ವೇತನ. ಅದರ ಮೂಲಕ ಪದವಿ ವಿದ್ಯಾರ್ಥಿಗಳೂ ವಿಜ್ಞಾನಿಯೊಬ್ಬರ ಬಳಿ ಎರಡು ತಿಂಗಳು ಕೆಲಸ ಮಾಡಬಹುದು. ರಾಮನ್ನರು ೧೯೩೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಅಕಾಡೆಮಿ ಆ ಮೂರರಲ್ಲಿ ಒಂದು.

ವರ್ಷಗಳ ಲೆಕ್ಕವನ್ನೂ ಒಮ್ಮೆ ಹಾಕಿಬಿಡೋಣ. ಮೂರು ವರ್ಷದ ಪದವಿಯ ಮೇಲೆ ಎರಡು ವರ್ಷದ ಎಂ. ಎಸ್‌ಸಿ.; ನಾಲ್ಕು ವರ್ಷದ ಆನರ್ಸ್ ಮೇಲೆ ಒಂದು ವರ್ಷದ ಎಂ. ಎಸ್‌ಸಿ. ಎರಡೂ ಐದೇ. ನಾಲ್ಕು ವರ್ಷದ ಪದವಿಯಲ್ಲಿ ಶೇಕಡ ೭೫ ಇದ್ದರೆ ೨೦೨೨ರ ನಿಯಮಾವಳಿಯಂತೆ ನೇರವಾಗಿ ಪಿಎಚ್. ಡಿ.ಗೆ ಅರ್ಹತೆಯುಂಟು, ಅಲ್ಲಿ ಒಂದು ವರ್ಷ ಉಳಿಯುವುದು ದಿಟ. ಆದರೆ ಕಾರಣಾಂತರದಿಂದ ಪಿಎಚ್. ಡಿ.ಯನ್ನು ನಡುವೆ ಬಿಡಬೇಕಾಗಿ ಬಂದವನ ಕೈಯಲ್ಲಿ ಉಳಿಯುವುದು ಮೊದಲ ಪದವಿಯೊಂದೇ. ಕಾಲೇಜಿನ ಅಧ್ಯಾಪಕ ಹುದ್ದೆಗೆ ಸ್ನಾತಕೋತ್ತರ ಪದವಿ ಬೇಕೆಂದು ಆಯೋಗದ ೨೦೧೮ರ ನಿಯಮಾವಳಿ ಹೇಳುತ್ತದೆ. ಮನೆಯಲ್ಲಿ ಸಂಪಾದನೆಗಾಗಿ ಕಾಯುತ್ತಿರುವವರಿದ್ದರೆ ಇದು ಸಣ್ಣ ಸಂಗತಿಯಲ್ಲ. ವಿಜ್ಞಾನ ಸಂಸ್ಥೆಯ ಸಂಯೋಜಿತ ವ್ಯಾಸಂಗದಂತಹ ದಾರಿಯಲ್ಲಿ ಮೂರು ವರ್ಷದ ಪದವೀಧರನು ಸ್ನಾತಕೋತ್ತರ ಪಾಠಗಳನ್ನೂ ಸಂಶೋಧನೆಯನ್ನೂ ಒಂದೇ ಕಡೆ ಮುಗಿಸಬಹುದಾದುದರಿಂದ, ನಮ್ಮ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಅದನ್ನು.

ಆ ಬಾಗಿಲಿನಲ್ಲಿ ನಿಂತಿರುವ ಜಾಮ್ ಪರೀಕ್ಷೆಯ ಭೌತಶಾಸ್ತ್ರದ ಪಾಠಪಟ್ಟಿಯಲ್ಲಿ ಏಳು ಭಾಗಗಳಿವೆ. ಮೊದಲನೆಯದು ಗಣಿತ ವಿಧಾನಗಳು. ಮೂರು ವಿಷಯಗಳ ಪದವಿಯವರು ಸಾಮಾನ್ಯವಾಗಿ ಹಿಂಜರಿಯುವುದು ಅದರಲ್ಲಿ; ಆನರ್ಸ್‌ನವರಿಗೆ ಅದನ್ನು ಪ್ರತ್ಯೇಕ ಪಾಠವಾಗಿ ಹೇಳಿಕೊಟ್ಟಿರುತ್ತಾರೆ, ತಮಗೆ ಹೇಳಿಕೊಟ್ಟಿಲ್ಲ ಎಂದು ಅವರ ಅಳಲು. ಆದರೆ ಭೌತ, ರಸಾಯನ, ಗಣಿತ ಎಂಬ ಕಟ್ಟನ್ನು ಆರಿಸಿಕೊಂಡವನು ಗಣಿತವನ್ನು ಮುಖ್ಯ ವಿಷಯವಾಗಿಯೇ ಓದುತ್ತಿರುತ್ತಾನೆ. ಅವಕಲ ಸಮೀಕರಣ, ಸದಿಶಗಳ ಕಲನ, ಮಾತೃಕೆಗಳು ಎಲ್ಲವೂ ಮೊಗಸಾಲೆಯ ಆಚೆಯ ಕೊಠಡಿಯಲ್ಲಿ ನಡೆಯುತ್ತಿರುತ್ತವೆ. ಹತ್ತು ಗಂಟೆಗೆ ಅಲ್ಲಿ ಬಿಡಿಸಿದ ಸಮೀಕರಣವೇ ಹನ್ನೊಂದು ಗಂಟೆಗೆ ಇಲ್ಲಿ ಲೋಲಕದ ಹೆಸರಿನಲ್ಲಿ ಕರಿಹಲಗೆಯ ಮೇಲೆ ಬಂದಾಗ, ಅದನ್ನು ಗುರುತಿಸುವವರು ತರಗತಿಗೆ ಇಬ್ಬರೋ ಮೂವರೋ.